ಒಂದೇ ಉಸಿರಿನ ಕೆಲಸ

ಬಂದರು ರಸ್ತೆ, ಅಂಗಡಿಯ ಮಹಡಿ
ನವೆಂಬರ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ ಮಗಳೇ? ಕಿವಿಯೊಳಗಿನ ಗುಂಯ್ ಸದ್ದು ಕಡಿಮೆಯಾಯಿತೇ? ಡಾಕ್ಟರು ಕೊಟ್ಟ ಹನಿ ಔಷಧವನ್ನು ಪೂರ್ತಿ ಹಾಕಿಕೊಂಡೆಯೋ, ಇಲ್ಲ ಯಾವಾಗಿನ ಹಾಗೆ ಸ್ವಲ್ಪ ಗುಣವಾದ ಕೂಡಲೇ ಸೀಸೆಯನ್ನು ಮೂಲೆಗೆ ತಳ್ಳಿದೆಯೋ? ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ನೀನು ಕಳಿಸುವ ‘ಚೆನ್ನಾಗಿದ್ದೀನಿ ಅಪ್ಪ’ ಎಂಬ ಮೆಸೇಜು ಪ್ರತಿ ಸಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುತ್ತದೆ. ಫೋನು ಮಾಡಿದರೆ ಎತ್ತುವುದಿಲ್ಲ. ಹೋದ ವಾರ ತಡೆಯಲಾರದೆ ನಿನ್ನ ಮನೆಯೊಡತಿಗೇ ಮಾಡಿಬಿಟ್ಟೆ, ಬೈಯಬೇಡ. ಕನ್ನಡಕದ ಅಂಗಡಿಯಲ್ಲಿ ನಿನಗೆ ಒಳ್ಳೆಯ ಹೆಸರಿದೆ, ಹಟ ಮಾಡುವ ಮಕ್ಕಳೂ ನಿನ್ನ ಕೈಯಿಂದಾದರೆ ಕನ್ನಡಕ ಹಾಕಿಸಿಕೊಳ್ಳುತ್ತವೆ ಎಂದು ಹೊಗಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಬಕೆಟ್ಟು ತುಂಬಿಸುವಾಗ ನೀನು ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು, ಬಚ್ಚಲ ಬಾಗಿಲು ಹಾಕಿಕೊಂಡು ಹೊರಗೆ ಬಂದು ನಿಲ್ಲುತ್ತೀಯಂತೆ. ನೀರು ಪೋಲಾಗುವುದಿಲ್ಲ ಎಂದು ಅವರಿಗೆ ಸಂತೋಷ. ಅವರಿಗೇನು ಗೊತ್ತು. ನೀರಿನಿಂದ ಎಳೆದು ತಂದರೂ ಮನೆಗೆ ಬರಲೊಲ್ಲದ ಹುಡುಗಿ ನೀನು.

ನಾನು ಚೆನ್ನಾಗಿದ್ದೇನೆ. ಏಳುವಾಗ ಕೂರುವಾಗ ಬೆನ್ನು ಹಳೆಯ ದೋಣಿಯ ಹಾಗೆ ಕಿರುಗುಟ್ಟುತ್ತದೆ, ಅಷ್ಟೇ. ಇನ್ನೂ ಎಲ್ಲೂ ಸೋರುತ್ತಿಲ್ಲ. ಇನ್ನು ಸುದ್ದಿ. ನಮ್ಮ ಡೈವಿಂಗ್ ಅಂಗಡಿಯನ್ನು ಮತ್ತೆ ತೆರೆದಿದ್ದೇನೆ ಪುಟ್ಟಿ. ನಿನ್ನನ್ನು ಕೇಳದೆ ತೆರೆದೆನೆಂದು ಮುನಿಸಿಕೊಳ್ಳಬೇಡ. ಮುಚ್ಚಿದ ಬಾಗಿಲ ಹಿಂದೆ ಉಪ್ಪು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು. ಬೀಗ ತೆಗೆದ ದಿನ ಒಂದು ವಾಲ್ವೂ ತಿರುಗಲಿಲ್ಲ. ನಮ್ಮ ಮೆಕ್ಯಾನಿಕ್, ಅದೇ ನಮ್ಮ ಗ್ರೀಸು, ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರನ್ನು ನೆಲದ ಮೇಲೆ ಹರವಿಕೊಂಡು ಕೂತು, ಒಂದೊಂದು ನಟ್ಟಿಗೂ ಒಂದೊಂದು ಬೈಗುಳ ಕೊಟ್ಟು ಬಿಚ್ಚಿ ತೊಳೆದು ಮತ್ತೆ ಕೂರಿಸಿದ. ಸಿಲಿಂಡರುಗಳನ್ನೆಲ್ಲ ಪರೀಕ್ಷೆಗೆ ಕಳಿಸಿ ತರಿಸಿದೆ. ನಿನ್ನ ಜಾಗದಲ್ಲಿ ಒಬ್ಬ ಗೈಡನ್ನು ಇಟ್ಟುಕೊಂಡಿದ್ದೇನೆ. ಒಳ್ಳೆಯ ಹೆಣ್ಣುಮಗಳು, ಮಾತು ಕಡಿಮೆ, ಎರಡೆರಡು ಸಲ ಪರೀಕ್ಷಿಸದೆ ಯಾರನ್ನೂ ನೀರಿಗಿಳಿಸುವುದಿಲ್ಲ. ಅಳಿಯ ಈಜಿಗೆ ಹಾಕಿಕೊಳ್ಳುತ್ತಿದ್ದ ಉದ್ದನೆಯ ಕಾಲುರೆಕ್ಕೆಗಳು ಮೂಲೆಯ ಮೊಳೆಯಲ್ಲೇ ಇವೆ. ಧೂಳು ಹೊಡೆಯುವಾಗ ಬಟ್ಟೆಯನ್ನು ಅವುಗಳ ಸುತ್ತ ತಿರುಗಿಸಿ ಮುಂದೆ ಹೋಗುತ್ತೇನೆ.

ಈಗ ಬರೆಯುವುದನ್ನು ಓದಿ ಅಪ್ಪನಿಗೆ ಅರಳುಮರಳು ಎಂದುಕೊಳ್ಳಬೇಡ. ದೋಣಿಯನ್ನು ಮತ್ತೆ ನೀರಿಗೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಿಂಬದಿಯ ಹಲಗೆಯನ್ನು ತೊಳೆಯುತ್ತಿದ್ದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಮೀನಿನ ದೋಣಿಗಳು ಆಗಲೇ ಮರಳಿ ಬಂದಿದ್ದವು, ದಡದಲ್ಲಿ ಜನರ ಗದ್ದಲವಿತ್ತು. ನೀರಿಗೆ ಇಳಿಬಿಟ್ಟ ಏಣಿಯ ಹತ್ತಿರ ಯಾರೋ ನೀರಿನಿಂದ ತಲೆ ಎತ್ತಿದರು. ಆ ಉಸಿರು ನಿನಗೆ ಗೊತ್ತು. ಉಸಿರು ಕಟ್ಟಿ ಆಳಕ್ಕೆ ಹೋದವರು ಮೇಲೆ ಬಂದೊಡನೆ ಬಾಯಿ ಅಗಲಿಸಿ ಗಬಕ್ಕನೆ ಎಳೆದು, ಒಂದು ಕ್ಷಣ ತಡೆದು, ಚೂರೇ ಚೂರು ಬಿಟ್ಟು, ಮತ್ತೆ ಎಳೆಯುತ್ತಾರಲ್ಲ, ಅದು. ನಾನು ತಿರುಗಿಯೂ ನೋಡದೆ ಮಾಸ್ಕು ತೆಗೆದುಕೊಳ್ಳಲು ಕೈ ಚಾಚಿಬಿಟ್ಟೆ, ಅಭ್ಯಾಸಬಲ. ಕೈ ಹಾಗೇ ಚಾಚಿಕೊಂಡಿತ್ತು. ತಿರುಗಿದರೆ ಏಣಿ, ನೀರು, ನೀರಿನ ಮೇಲೆ ಎಣ್ಣೆಯ ಬಣ್ಣ. ಇನ್ನೇನೂ ಇರಲಿಲ್ಲ.

ಹಲಗೆಯ ಕೆಳಗೆ ಅಲೆ ಸಿಕ್ಕಿ ಎಳೆಯುವ ಸದ್ದಿರಬೇಕು ಎಂದುಕೊಂಡೆ. ಗ್ರೀಸುವಿಗೆ ಹೇಳಿ ಅಡಿಯ ರಬ್ಬರು ಬದಲಿಸಿದೆ. ಯಾಕೆ ಎಂದು ಅವನು ಕೇಳಲಿಲ್ಲ. ಆಮೇಲೆ ಗಮನಿಸಿದೆ, ಯಾವಾಗಲೂ ಏಣಿಯ ಪಕ್ಕ ಕಾಲು ಇಳಿಬಿಟ್ಟು ಊಟದ ಡಬ್ಬಿ ಬಿಚ್ಚುತ್ತಿದ್ದವನು ಈಗ ದೋಣಿಯ ಮೂತಿಯ ಕಡೆಗೆ ಹೋಗಿ, ಬಿಸಿಲಿನಲ್ಲಿ ಬೇಯುತ್ತ ಉಣ್ಣುತ್ತಾನೆ. ಅಲ್ಲೇಕೆ ಕೂತೆಯೋ ಎಂದರೆ ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ಗಾಳಿಯ ಗಂಧವೂ ಇಲ್ಲದ ದಿನ. ನಾವಿಬ್ಬರೂ ಆ ವಿಷಯಕ್ಕೆ ಬಾಯಿ ಹೊಲಿದುಕೊಂಡು, ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಕೆಲಸ ಮಾಡಿದೆವು. ದಿನವೂ ಬರುವುದಿಲ್ಲ ಅದು. ಬಂದಾಗಲೆಲ್ಲ ನನ್ನ ಕೈ ಮಾತ್ರ ನನ್ನನ್ನು ಕೇಳದೆ ಚಾಚಿಕೊಳ್ಳುತ್ತದೆ.

ಹೀಗಿರುವಾಗ ನಿನ್ನ ಅತ್ತೆ ಬಂದರು.

ಓದುವುದನ್ನು ನಿಲ್ಲಿಸಬೇಡ ಮಗಳೇ. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಬೀಗಿತ್ತಿ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಛತ್ರಿ ಹಿಡಿದು ಇಳಿದರು. ಆಸ್ಪತ್ರೆಯ ಕಾರಿಡಾರಿನ ಆ ದಿನದ ಮೇಲೆ ನಾವು ಮುಖ ನೋಡಿರಲಿಲ್ಲ. ಜಗಳವಾಡಲು ಬಂದಿದ್ದರೆ ಆಡಿ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕುರ್ಚಿ ಎಳೆದು ಕೊಟ್ಟೆ. ಅವರು ಜಗಳವಾಡಲಿಲ್ಲ. ಮನೆಯೆಲ್ಲ ಒಂದು ಸುತ್ತು ಹಾಕಿದರು, ನನ್ನ ಅಡುಗೆಮನೆಯ ಸ್ಥಿತಿ ನೋಡಿ ಮುಖ ಹಿಂಡಿದರು, ಯಾರನ್ನೂ ಕೇಳದೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಬೇರೆ ಕಡೆ ಇಟ್ಟರು. ಈಗ ಸಕ್ಕರೆ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ. ನಿಮ್ಮಿಬ್ಬರ ಕೋಣೆಯಲ್ಲೇ ಮಲಗುತ್ತೇನೆ ಎಂದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡು ಕೆಲಸ ಆಗಬೇಕು ಎಂದರು: ಆ ದಿನ ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳಬೇಕು, ಆ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಬೇಕು.

ಅವರು ನೌಕರಿಯ ಕಾಲವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವರು ಎಂಬುದು ನಿನಗೆ ಗೊತ್ತೇ ಇದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಪಿನ್ನು ಚುಚ್ಚಿ ಊರಿಂದ ಊರಿಗೆ ಜನರನ್ನು ಸೇರಿಸಿದ ಕೆಲಸ. ‘ಹಲೋ’ ಎನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿತ್ತು ಎನ್ನುತ್ತಾರೆ. ಅವರು ಪ್ರಶ್ನೆ ಕೇಳುವ ರೀತಿಯೂ ಹಾಗೇ ಇದೆ. ಅಡ್ಡ ಬಾಯಿ ಹಾಕುವುದಿಲ್ಲ, ಅಳುವುದಿಲ್ಲ. ಒಂದು ಮಾತು ಸರಿಯಾಗಿ ಕೇಳಿಸಲಿಲ್ಲವೆಂದರೆ ಅಲ್ಲಿಂದಲೇ ಮತ್ತೆ ಹೇಳಿಸುತ್ತಾರೆ. ಹಾಗಾಗಿ, ನೀನೂ ನಾನೂ ಒಮ್ಮೆಯೂ ಕೂತು ಆಡಿಕೊಳ್ಳದ ಮಾತನ್ನು ನಾನು ಅವರ ಮುಂದೆ ಆಡಿದೆ. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ನಾನು ನಿಂತ ಜಾಗದಿಂದ ಕಂಡ ಹಾಗೆ.

ಮೊದಲು ಅವರಿಗೆ ನಿಮ್ಮಿಬ್ಬರ ಕೆಲಸದ ವ್ಯತ್ಯಾಸ ಬಿಡಿಸಿ ಹೇಳಬೇಕಾಯಿತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸ್ಕೂಬಾ ನಿನ್ನದು, ಅಲ್ಲಿ ಉಸಿರು ನಿಲ್ಲಿಸಕೂಡದು. ಬರೀ ಎದೆಯ ಗಾಳಿ ನಂಬಿ ಇಳಿಯುವ ಫ್ರೀಡೈವಿಂಗ್ ಅವನದು, ಅಲ್ಲಿ ಉಸಿರು ಬಿಡಕೂಡದು. ಇಂಥ ಇಬ್ಬರು ಮದುವೆಯಾಗಿ ಒಂದೇ ದೋಣಿಯಲ್ಲಿ ಹೇಗೆ ಬಾಳಿದರೋ ಎಂದು ನಾವೆಲ್ಲ ನಗುತ್ತಿದ್ದೆವು. ಎರಡನ್ನೂ ಕಲಿಯಬೇಕೆಂದು ಬರುವ ಗಿರಾಕಿಗಳಿಗೆ ಅಳಿಯ ಮೊದಲ ದಿನವೇ ಹೇಳುತ್ತಿದ್ದ: “ಬೆಳಿಗ್ಗೆ ನನ್ನ ಹತ್ರ ಬನ್ನಿ, ಆಮೇಲೆ ಅವಳ ಹತ್ರ ಹೋಗಿ. ಒಂದ್ಸಲ ಅವಳ ಹತ್ರ ಹೋದ್ರಿ ಅಂದ್ರೆ ಆ ದಿನ ನನ್ನ ಕಡೆ ತಲೆ ಹಾಕ್ಬೇಡಿ.” ಎಲ್ಲರೂ ನಗುತ್ತಿದ್ದರು. ನಗೆಯೊಳಗಿದ್ದದ್ದು ಪ್ರಾಣದ ವಿಷಯ. ಸಿಲಿಂಡರಿನ ಗಾಳಿ ಉಸಿರಾಡುತ್ತ ಆಳದಲ್ಲಿದ್ದವರ ಮೈಗೆ ಗೋಡೆಗೆ ತೇವ ಇಳಿದ ಹಾಗೆ ನೈಟ್ರೋಜನ್ ಇಳಿದಿರುತ್ತದೆ. ಮೇಲೆ ಬಂದ ಮೇಲೆ ಅದು ಸಣ್ಣ ಗುಳ್ಳೆಗಳಾಗಿ ರಕ್ತದಲ್ಲಿ ಹರಿದು ಬಂದು, ಶ್ವಾಸಕೋಶದ ಜರಡಿಯಲ್ಲಿ ಸಿಕ್ಕಿ, ಉಸಿರಿನ ಜೊತೆ ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಒಳ್ಳೆಯದು. ಅಷ್ಟರೊಳಗೆ ಉಸಿರು ಕಟ್ಟಿ ಮತ್ತೆ ಮತ್ತೆ ಆಳಕ್ಕೆ ಹೋಗಿ ಬಂದರೆ, ನೀರಿನ ಒತ್ತಡಕ್ಕೆ ಗುಳ್ಳೆ ಕುಗ್ಗಿ ಜರಡಿ ದಾಟಿಬಿಡುತ್ತದೆ. ಆಚೆ ದಾಟಿದ್ದು ಮೇಲೆ ಬರುವಾಗ ಹಿಗ್ಗುತ್ತದೆ, ಮಿದುಳಿಗೆ ಹೋಗುವ ದಾರಿಯಲ್ಲಿ. ಆಸ್ಪತ್ರೆಯಲ್ಲಿ ಒತ್ತಡದ ಚೇಂಬರಿನ ಡಾಕ್ಟರಮ್ಮ ನನಗೆ ಹೀಗೇ ಬಿಡಿಸಿ ಹೇಳಿದ್ದರು. ಅವನು ಅದನ್ನೇ ಪ್ರತಿ ಗಿರಾಕಿಗೂ ಹೇಳುತ್ತಿದ್ದ.

ಆ ದಿನ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ ಎಂಬ ಸುದ್ದಿಯಿತ್ತು. ಅದಕ್ಕೇ ನೀವು ಉಸಿರು ಕಟ್ಟುವವರ ಪಾಠವನ್ನು ಮರುದಿನಕ್ಕೆ ಹಾಕಿ, ಸಿಲಿಂಡರಿನವರನ್ನು ಮಾತ್ರ ಕರೆದುಕೊಂಡು ಹೊರಟಿರಿ. ಅದರಲ್ಲಿ ತಪ್ಪೇನೂ ಇರಲಿಲ್ಲ. ಜನ ಹೆಚ್ಚಿದ್ದರೆಂದು ಅಳಿಯನೂ ಸಿಲಿಂಡರ್ ಹೊತ್ತು ನಿನ್ನ ಜೊತೆ ಇಳಿದ. ಒಂದು ಸಲ ಹೋಗಿ ಬಂದು, ಬಿಡುವು ಕೊಟ್ಟು, ಇನ್ನೊಂದು ಸಲ. ಅದೂ ತಪ್ಪಲ್ಲ. ಎಲ್ಲರೂ ಮೇಲೆ ಬಂದ ಮೇಲೆ ಹೊರಡೋಣವೆಂದರೆ ಲಂಗರು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಸಿಲಿಂಡರುಗಳೆಲ್ಲ ಮುಗಿದಿದ್ದವು. ಗಾಳಿ ಏಳುತ್ತಿತ್ತು, ನಾನು ಚುಕ್ಕಾಣಿ ಹಿಡಿದು ದೋಣಿಯ ಮೂತಿಯನ್ನು ಅಲೆಗೆ ಕೊಟ್ಟು ನಿಲ್ಲಿಸುವುದರಲ್ಲಿದ್ದೆ. ನೀನು ನನಗೆ ಬೆನ್ನು ಹಾಕಿ ಗಿರಾಕಿಗಳ ಸಾಮಾನು ಬಿಚ್ಚಿಸುತ್ತಿದ್ದೆ. ಬಕಲ್ಲು ಸಿಕ್ಕಿಕೊಂಡ ಹೆಂಗಸೊಬ್ಬರು, ಇದನ್ನು ಹೀಗೇ ಎಳೆಯಬೇಕಾ ಎಂದು ನಿನ್ನನ್ನು ಕೇಳಿದರು. ಅದೇ ಹೊತ್ತಿಗೆ ಲಂಗರು ಬಿಡಿಸಲೆಂದು ಅವನು ಏಣಿಯ ಹತ್ತಿರದಿಂದ, “ಒಂದೇ ಉಸಿರಿನ ಕೆಲ್ಸ. ಹೋಗಿ ಬರ್ಲಾ?” ಎಂದ. ನೀನು ತಲೆ ಎತ್ತದೆ “ಹ್ಞೂಂ” ಅಂದೆ.

ಆ ಹ್ಞೂಂ ಅನ್ನು ನೀನು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೀಯ. ಕಾರಿಡಾರಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, ನರ್ಸಿಗೆ, ಕಸ ಗುಡಿಸುವವಳಿಗೆ, “ನಾನು ಹ್ಞೂಂ ಅಂದೆ” ಎಂದೆ. ನಿನ್ನ ಅತ್ತೆಗೂ ಅದನ್ನೇ ಅಂದೆ. ಆಗ ಅವರ ಬಾಯಿಂದ ಬಂದ ಮಾತು ನಮಗಿಬ್ಬರಿಗೂ ನೆನಪಿದೆ: “ಹಾಗಾದ್ರೆ ನೀನೇ ಕಳ್ಸಿದ್ದು.” ನೀನು ಹ್ಞೂಂ ಅಂದದ್ದು ಬಕಲ್ಲಿನ ಹೆಂಗಸಿಗೆ ಎಂದು ನಾನು ಅಲ್ಲೇ ಹೇಳಿದೆ. ಅಪ್ಪ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ ನೀನು. ಹೋಗಲಿ, ಆಮೇಲಿನದು ನಿನಗೆ ನೆನಪಿದೆಯೇ? ಅವನು ಎರಡನೆಯ ಸಲ ಮೇಲೆ ಬಂದಾಗ ನೀನು ತಿರುಗಿ ನೋಡಿ, ಗಾಬರಿಯಿಂದ, “ಸಾಕು, ಹತ್ತು ಮೇಲೆ, ಹಗ್ಗ ಕತ್ತರಿಸೋಣ” ಎಂದು ಕೂಗಿದೆ. ನಾನೂ ಚುಕ್ಕಾಣಿ ಕೋಣೆಯ ಕಿಟಕಿಯಿಂದ ಕೂಗಿದೆ. ಅವನು ಕೈಯಾಡಿಸಿ, “ಇದು ಡೈವಿಂಗ್ ಅಲ್ಲ ಮಾವ, ಕೆಲ್ಸ” ಎಂದು ಮತ್ತೆ ಮುಳುಗಿದ. ಆಮೇಲೆ ಇನ್ನೂ ಒಂದು ಸಲ. ಏಣಿ ಹತ್ತಿ ಬಂದು ಕೈ ಜುಮ್ಮೆನ್ನುತ್ತಿದೆ ಎಂದು ನಕ್ಕ; ನಗೆ ಒಂದು ಕಡೆಗೆ ವಾಲಿತ್ತು. ನೀನು ಅವನನ್ನು ಮಲಗಿಸಿದೆ, ಆಕ್ಸಿಜನ್ ಕೊಟ್ಟೆ, ವೈರ್‌ಲೆಸ್ಸಿನಲ್ಲಿ ದಡಕ್ಕೆ ತಿಳಿಸಿದೆ. ನಾನು ಹಗ್ಗ ಕತ್ತರಿಸಿ ದೋಣಿ ಓಡಿಸಿದೆ. ಮಾಡಬೇಕಾದ್ದರಲ್ಲಿ ಒಂದನ್ನೂ ನೀನು ಬಿಡಲಿಲ್ಲ. ಗುಳ್ಳೆ ಕುಗ್ಗಿಸುವ ಆ ಒತ್ತಡದ ಚೇಂಬರಿನೊಳಗೆ ಹೋದವನು ಜೀವಂತವಾಗಿ ಹೊರಗೆ ಬರಲಿಲ್ಲ. ಲಂಗರು ಇವತ್ತಿಗೂ ಅಲ್ಲೇ ಇದೆ.

ಬೀಗಿತ್ತಿ ಪೂರ್ತಿ ಕೇಳಿದರು. ನೀನು ಕೂಗಿದ ಮಾತನ್ನು ಎರಡು ಸಲ ಹೇಳಿಸಿದರು. ಆ ವಿಷಯ ತಮಗೆ ಯಾರೂ ಹೇಳಿರಲಿಲ್ಲ ಎಂದರು. ಎದ್ದು ಹೋಗಿ ಪಾತ್ರೆ ತೊಳೆದರು.

ಅವರನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಲು ಬೇರೆಯ ಏರ್ಪಾಡು ಬೇಕಾಗಲಿಲ್ಲ. ಲಂಗರು ಸಿಕ್ಕಿಕೊಂಡ ಆ ಎರಡು ಬಂಡೆಗಳ ಹತ್ತಿರ ನಮ್ಮ ದೋಣಿ ಹೇಗೂ ಹೋಗುತ್ತಿತ್ತು. ಆ ವಾರ ಒಬ್ಬಳು ಅಕ್ಕ, ಒಬ್ಬ ತಮ್ಮ ಗಿರಾಕಿಗಳಾಗಿ ಬಂದಿದ್ದರು. ಇಬ್ಬರಿಗೂ ಮದುವೆ ಮಕ್ಕಳು ಆದ ವಯಸ್ಸು. ಅಕ್ಕನಿಗೆ ಸಿಲಿಂಡರಿನ ಹುಚ್ಚು, ತಮ್ಮನಿಗೆ ಉಸಿರು ಕಟ್ಟುವ ಹುಚ್ಚು. ತಮ್ಮನನ್ನು ಗ್ರೀಸು ಬಿದಿರು ಎಂದು ಕರೆಯುತ್ತಿದ್ದ, ಅಷ್ಟು ಉದ್ದ. ನಾನು ಅಳಿಯನ ಕ್ರಮವನ್ನೇ ಕಟ್ಟುನಿಟ್ಟಾಗಿ ಇಟ್ಟೆ. ಮೊದಲ ದಿನಗಳಲ್ಲಿ ಬರೀ ಉಸಿರಿನ ಮುಳುಗು, ಅದೂ ಒಬ್ಬರು ಇಳಿದರೆ ಇನ್ನೊಬ್ಬರು ಮೇಲೆ ಕಾವಲು. ಕೊನೆಯ ದಿನಗಳಲ್ಲಿ ಬರೀ ಸಿಲಿಂಡರು. ಸಿಲಿಂಡರ್ ಮುಗಿದ ಮೇಲೆ ಅವತ್ತು ಇನ್ನು ನೀರಿಗಿಳಿಯುವಂತಿಲ್ಲ. ಇಬ್ಬರೂ ಕೂಡಿ ಕೆಳಗಿದ್ದಾಗ ತಮಾಷೆಗೂ ಸಿಲಿಂಡರಿನ ಗಾಳಿ ಬಾಯಿಗೆ ಎಳೆದುಕೊಂಡು ಉಸಿರು ಹಿಡಿದು ಮೇಲೆ ಬರಬಾರದು, ಎದೆ ಒಡೆದೀತು ಎಂದು ಗೈಡು ಬೇರೆ ಎಚ್ಚರಿಸಿದ್ದಳು. ಬಿದಿರು ಎಲ್ಲದಕ್ಕೂ ತಲೆಯಾಡಿಸಿದ. ಒಳ್ಳೆಯ ಹುಡುಗನೇ, ಓದಿ ತಿಳಿದವನೇ. ಅಳಿಯನೂ ತಿಳಿದವನೇ ಆಗಿದ್ದ.

ಕೊನೆಯ ದಿನ ಬೀಗಿತ್ತಿ ದೋಣಿಯ ಬೆಂಚಿನ ಮೇಲೆ ಛತ್ರಿ ಬಿಚ್ಚಿ ಕೂತರು. ಜನ್ಮದಲ್ಲಿ ಮೊದಲ ಸಲ ದೋಣಿ ಹತ್ತಿದ್ದು, ಮುಖದಲ್ಲಿ ಮಾತ್ರ ಬಸ್ಸಿನಲ್ಲಿ ಕೂತವರ ಗತ್ತು. ಬಂಡೆಗಳ ಹತ್ತಿರ ದೋಣಿ ನಿಲ್ಲಿಸಿ, ಇಲ್ಲೇ, ಎಂದೆ. ಅವರು ಛತ್ರಿ ಮುಚ್ಚಿದರು. ಅಕ್ಕ, ತಮ್ಮ, ಗೈಡು ಮೂವರೂ ಸಿಲಿಂಡರ್ ಹೊತ್ತು ಇಳಿದು, ಬಿಡುವು ಕೊಟ್ಟು ಇನ್ನೊಮ್ಮೆ ಇಳಿದು ಸುರಕ್ಷಿತವಾಗಿ ಮೇಲೆ ಬಂದರು. ಅಕ್ಕ ದೋಣಿಯ ಮೂತಿಯ ಹತ್ತಿರ ಕೂತು ನೀರು ಕುಡಿಯುತ್ತಿದ್ದಳು, ಗೈಡು ಅವಳ ಪಕ್ಕದಲ್ಲಿ ಸಿಲಿಂಡರುಗಳನ್ನು ಕಟ್ಟಿಡುತ್ತಿದ್ದಳು. ಬಿದಿರು ಅವಳ ಟಾರ್ಚನ್ನು ಒರೆಸುತ್ತಿದ್ದವನು ಕೈ ಜಾರಿಸಿಬಿಟ್ಟ. ಅದು ಉರಿಯುತ್ತಲೇ ಇಳಿಯಿತು. ತಿಳಿನೀರು, ತಳದಲ್ಲಿ ಅದರ ಬೆಳಕು ಕಾಣುತ್ತಿತ್ತು. ನಾನು ಎಂಜಿನ್ನು ಶುರು ಮಾಡಲು ಬಗ್ಗಿದ್ದೆ. ತಲೆ ಎತ್ತುವಷ್ಟರಲ್ಲಿ ಅವನು ಏಣಿಯ ಮೇಲೆ ಕೂತು ತನ್ನ ಉದ್ದ ಕಾಲುರೆಕ್ಕೆ ಹಾಕಿಕೊಂಡಾಗಿತ್ತು. “ಒಂದೇ ಉಸಿರಿನ ಕೆಲ್ಸ. ಹೋಗಿ ಬರ್ಲಾ?” ಎಂದ.

ಪುಟ್ಟಿ, ಅದೇ ಮಾತು. ಅಕ್ಷರ ಬಿಡದೆ ಅದೇ ಮಾತು, ಅದೇ ಏಣಿ. ಬೇಡ ಎನ್ನಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಅವನು ನನ್ನ ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿ ಎದೆ ತುಂಬಿಕೊಳ್ಳಲು ಶುರು ಮಾಡಿದ್ದ. ಆಗ ಅವನ ಕಾಲಿನ ಹತ್ತಿರ, ಏಣಿಯ ಕೊನೆಯ ಮೆಟ್ಟಿಲ ಬಳಿ, ನೀರಿನಿಂದ ಯಾರೋ ಮೇಲೆ ಬಂದು ಉಸಿರೆಳೆದರು. ಗಬಕ್ಕನೆ ಎಳೆದು, ತಡೆದು, ಚೂರು ಬಿಟ್ಟು, ಮತ್ತೆ ಎಳೆದರು. ಬಿದಿರು ಕಣ್ಣು ಬಿಟ್ಟು, “ಅಕ್ಕ?” ಎನ್ನುತ್ತ ಕೆಳಗೆ ನೋಡಿದ. ಅಕ್ಕ ಮೂತಿಯ ಹತ್ತಿರದಿಂದ ಏನು ಎಂದಳು. ಅವನು ನೀರನ್ನೂ ಅವಳನ್ನೂ ತಿರುತಿರುಗಿ ನೋಡಿದ. ಗ್ರೀಸು ಕೈಯಲ್ಲಿದ್ದ ಸ್ಪ್ಯಾನರನ್ನು ಎದೆಗೆ ಅವಚಿಕೊಂಡು ನಿಂತಿದ್ದ. ನನ್ನ ಕೈ ಚಾಚಿಕೊಂಡಿತ್ತು.

ಬೀಗಿತ್ತಿ ಎದ್ದರು. ಅಲೆಗೆ ತೂರಾಡುತ್ತ, ಕಂಬ ಹಿಡಿದು, ನೇರ ಏಣಿಯ ಹತ್ತಿರ ಹೋದರು. ನೀರಿನ ಕಡೆ ಒಂದು ಸಲ ನೋಡಿದರು. ಆಮೇಲೆ, ಮೊಣಕಾಲು ಮಡಚಲು ಬಾರದ ಹೆಂಗಸು, ಆ ಒದ್ದೆ ಹಲಗೆಯ ಮೇಲೆ ಕುಕ್ಕರಿಸಿದರು. ಬಿದಿರಿನ ಒಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ರೆಕ್ಕೆ ಕಳಚಿದರು. ಆಮೇಲೆ ಇನ್ನೊಂದು ಕಾಲು. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಕಾಲು ಕೊಟ್ಟು ಕೂತಿದ್ದ. “ಬೇಡ ಕಣಪ್ಪ, ಅದು ಅಲ್ಲೇ ಬಿದ್ದಿರ್ಲಿ,” ಎಂದರು. ದನಿ ಏರಲಿಲ್ಲ. ರೆಕ್ಕೆಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತರು, ಏಣಿಗೆ ಅಡ್ಡವಾಗಿ.

ನಾನು ದೋಣಿ ತಿರುಗಿಸಿದೆ. ಅಕ್ಕನಿಗೆ ಸಿಟ್ಟು ಬಂದಿತ್ತು, ಒಂದು ಮುಳುಗಿಗೆ ಇಷ್ಟೆಲ್ಲ ನಾಟಕವೇ ಎಂದು ಗೈಡಿನ ಹತ್ತಿರ ಗೊಣಗಿದಳು. ಗೈಡು ಅವಳಿಗೆ ಮೆಲ್ಲಗೆ ಏನೋ ಹೇಳಿದ ಮೇಲೆ ತೆಪ್ಪಗಾದಳು. ಬಿದಿರು ಟವೆಲ್ಲು ಹೊದ್ದು ನೀರು ನೋಡುತ್ತ ಕೂತಿದ್ದ. ಅವನಿಗೆ ಏನೂ ಆಗಲಿಲ್ಲ, ಮರುದಿನ ಆರಾಮವಾಗಿ ಊರಿಗೆ ಹೋದ. ಧನ್ಯವಾದ ಹೇಳಲಿಲ್ಲ. ಆಗದೇ ಹೋದದ್ದಕ್ಕೆ ಯಾರು ಹೇಳುತ್ತಾರೆ? ಹೊರಡುವ ಮುಂಚೆ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಅಲ್ಲಿ ನೀರಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದ. ನಮ್ಮ ಮನೆಯವನು ಎಂದೆ.

ಮರಳಿ ಬರುವಾಗ ಬೀಗಿತ್ತಿ ನನ್ನ ಪಕ್ಕ ಬಂದು ನಿಂತರು. ದಡ ಕಾಣತೊಡಗಿದ ಮೇಲೆ, ಅವತ್ತು ಮಗ ಹೋಗಿ ಬರ್ಲಾ ಎಂದು ಕೇಳುವಾಗ ಅವನ ಕಾಲಲ್ಲಿ ಏನಿತ್ತು ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಕಣ್ಣು ಮುಚ್ಚಿ ಆ ಗಳಿಗೆಯನ್ನು ಮತ್ತೆ ನೋಡಿದೆ: ನೀನು, ಬಕಲ್ಲಿನ ಹೆಂಗಸು, ಏಣಿ, ಅವನು. ರೆಕ್ಕೆ, ಎಂದೆ. ಎರಡೂ ಕಾಲಿಗಾ ಎಂದರು. ಎರಡೂ ಕಾಲಿಗೆ, ಎಂದೆ. ಅವರು ದಡದ ಕಡೆಗೇ ನೋಡುತ್ತ ಹೇಳಿದರು: “ಚಿಕ್ಕವನಿದ್ದಾಗ್ಲೂ ಹಾಗೇ. ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತ್ಕೊಂಡು, ಆಡೋಕೆ ಹೋಗ್ಲಾ ಅಮ್ಮ ಅನ್ನೋನು. ನಾನು ಹ್ಞೂಂ ಅನ್ನೋದ್ರೊಳಗೆ ಬೀದಿ ದಾಟಿರ್ತಿದ್ದ. ಅದು ಕೇಳೋದಲ್ಲ ಬೀಗ್ರೇ, ಹೇಳಿ ಹೋಗೋದು.” ಅವರೇ ಮುಂದುವರಿಸಿದರು. ನೌಕರಿಯಲ್ಲಿದ್ದಾಗ ಅವರ ಕಿವಿಗೆ ಬಿದ್ದ ಹ್ಞೂಂಗಳಿಗೆ ಲೆಕ್ಕವಿಲ್ಲವಂತೆ. ಒಲೆಯ ಮುಂದೆ ನಿಂತು, ಮಗುವಿಗೆ ಹಾಲು ಕುಡಿಸುತ್ತ, ಬೇರೆಲ್ಲೋ ನೋಡುತ್ತ ಜನ ಫೋನಿಗೆ ಹ್ಞೂಂ ಎನ್ನುತ್ತಾರೆ. ಅದರಲ್ಲಿ ಒಪ್ಪಿಗೆಯೂ ಇರುವುದಿಲ್ಲ, ಕೇಳಿಸಿಕೊಂಡಿದ್ದೂ ಇರುವುದಿಲ್ಲ. ಇದು ತನಗೆ ಗೊತ್ತಿತ್ತು, ಗೊತ್ತಿದ್ದೂ ಆ ದಿನ ಕಾರಿಡಾರಿನಲ್ಲಿ ಸೊಸೆಗೆ ಹಾಗೆ ಅಂದುಬಿಟ್ಟೆ ಎಂದರು.

ಏಣಿಯ ಹತ್ತಿರದ ಸದ್ದಿನ ಬಗ್ಗೆ ನಾನಾಗಿ ಬಾಯಿ ಬಿಡಲಿಲ್ಲ. ಅವರೇ ಅಂದರು: “ಅವನದೇ. ಅಳೋ ಉಸಿರಲ್ಲ. ಓಡಿ ಬಂದ ಉಸಿರು.” ಆ ಎರಡಕ್ಕೂ ವ್ಯತ್ಯಾಸ ನನಗೆ ತಿಳಿಯದು. ಅವರಿಗೆ ತಿಳಿಯುತ್ತದೆ ಎಂದು ನಂಬುತ್ತೇನೆ.

ಇಷ್ಟಾದ ಮೇಲೆ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ನಿಂತಿಲ್ಲ ಪುಟ್ಟಿ. ನಿನ್ನೆ ಬೆಳಿಗ್ಗೆಯೂ ಬಂತು. ಗ್ರೀಸು ಊಟದ ಡಬ್ಬಿ ಹಿಡಿದು ಒಂದು ಗಳಿಗೆ ಅತ್ತಿತ್ತ ನೋಡಿ, ತನ್ನ ಹಳೆಯ ಜಾಗದಲ್ಲೇ ಹೋಗಿ ಕೂತ, ಕಾಲು ಮಾತ್ರ ಇಳಿಬಿಡಲಿಲ್ಲ. ಕೆಲಸ ಮುಗಿದ ಮೇಲೆ ಏಣಿಯನ್ನು ಎತ್ತಿ ಕಟ್ಟಬೇಕಲ್ಲವೇ, ಅದಕ್ಕೆ ಈಗ ಅವನಿಗೂ ಕೈ ಬರುವುದಿಲ್ಲ, ನನಗೂ ಬರುವುದಿಲ್ಲ. ನೀರಿಗೆ ಇಳಿಬಿಟ್ಟೇ ಮನೆಗೆ ಬರುತ್ತೇವೆ. ಪಕ್ಕದ ದೋಣಿಯವರು ಮುದುಕನಿಗೆ ಮರೆವು ಎಂದು ನಗುತ್ತಾರೆ, ನಗಲಿ. ನನಗೆ ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಅವನಿದ್ದ ದಿನಗಳಲ್ಲೂ, ಅವನು ಮುಳುಗಿದ್ದಷ್ಟು ಹೊತ್ತೂ ನಾನು ಹೆದರಿಕೊಂಡೇ ಇರುತ್ತಿದ್ದೆ. ಆ ಹೆದರಿಕೆ ಈಗಲೂ ಹಾಗೇ ಇದೆ, ಮೇಲೆ ಬಂದ ಸದ್ದು ಕೇಳಿದಾಗ ಇಳಿಯುವುದೂ ಹಾಗೇ ಇದೆ. ಇದನ್ನು ಬೇರೆ ಯಾರಿಗೆ ಬರೆಯಲಿ ಹೇಳು.

ನಿನ್ನನ್ನು ಬಾ ಎಂದು ಕರೆಯುವುದಿಲ್ಲ. ನೀರಿಗೆ ಇಳಿ ಎಂದೂ ಹೇಳುವುದಿಲ್ಲ. ಕನ್ನಡಕದ ಅಂಗಡಿ ಒಳ್ಳೆಯದೇ, ಜನರಿಗೆ ಕಣ್ಣು ಕಾಣಿಸುವ ಕೆಲಸ. ನಲ್ಲಿಯನ್ನು ಮಾತ್ರ ಸ್ವಲ್ಪ ದೊಡ್ಡದಾಗಿ ಬಿಡು ಮಗಳೇ, ಬಕೆಟ್ಟು ತುಂಬುವವರೆಗೆ ಬಾಗಿಲ ಹೊರಗೆ ನಿಂತು ನಿನ್ನ ಕಾಲು ನೋಯುತ್ತದೆ. ಕಿವಿಗೆ ಹನಿ ಹಾಕಿಕೊ. ಗ್ರೀಸು ನಮಸ್ಕಾರ ತಿಳಿಸಲು ಹೇಳಿದ್ದಾನೆ. ನೀನು ಸಿಲಿಂಡರಿನ ಗಾಳಿ ಉಸಿರಾಡುತ್ತಿದ್ದ ಹಳೆಯ ರೆಗ್ಯುಲೇಟರನ್ನು ಬಿಚ್ಚಿ ತೊಳೆದು ಒರೆಸಿಟ್ಟಿದ್ದಾನಂತೆ, ಬೇರೇನೂ ಉದ್ದೇಶವಿಲ್ಲ, ತುಕ್ಕು ಹಿಡಿಯಬಾರದೆಂದು ಅಷ್ಟೇ ಎಂದು ಒತ್ತಿ ಒತ್ತಿ ಹೇಳಿದ. ಮನೆಯೊಡತಿಗೆ ನನ್ನ ನೆನಪು ಹೇಳು. ನೀನು ಇದ್ದಲ್ಲಿ ತಂಪಾಗಿರು. ಇಲ್ಲಿಂದಲೇ ನಿನ್ನ ನೆತ್ತಿ ಸವರಿ ಹರಸಿದ್ದೇನೆ, ಗೊತ್ತಾಯಿತೆಂದುಕೊ.

ಸದಾ ನಿನ್ನ ದಾರಿ ಕಾಯುವ,
ಅಪ್ಪ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಕೆಳಗೆ ಆಟೋ ಹಾರ್ನು ಬಾರಿಸುತ್ತಿದೆ. ಪತ್ರವನ್ನು ಅಂಚೆಗೆ ಹಾಕಲು ಹೊರಟಿದ್ದೆ. ಬೀಗಿತ್ತಿ ಊರಿಗೆ ಹೊರಡುವವರು ನನ್ನ ಕೈಯಿಂದ ಕಿತ್ತುಕೊಳ್ಳಲು ಬಂದು, ನಾನೇ ಕೊಡುತ್ತೇನೆ ಎನ್ನುತ್ತಿದ್ದಾರೆ. ಮೊದಲೇ ಫೋನು ಮಾಡಿ ತಿಳಿಸುತ್ತೇನೆ ಎಂದರೆ ಬೇಡವಂತೆ, ಗೊತ್ತಾದರೆ ನೀನು ಮನೆಯಲ್ಲಿರುವುದಿಲ್ಲವಂತೆ. ಕಾರಿಡಾರಿನಲ್ಲಿ ಅಂದದ್ದನ್ನು ಬರೆದು ಕಳಿಸಿ ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಎದುರಿಗೇ ನಿಂತು ತೆಗೆದುಕೊಳ್ಳಬೇಕು ಎನ್ನುತ್ತಾರೆ. ಅಂದರೆ ಈ ಪತ್ರವನ್ನು ನಿನ್ನ ಕೈಗಿಟ್ಟವರು ಅವರೇ, ನೀನು ಇಷ್ಟುದ್ದ ಓದುವವರೆಗೂ ಬಾಗಿಲಲ್ಲೇ ನಿಂತಿರುತ್ತಾರೆ. ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದಿದ್ದಾರೆ, ಮೊಣಕಾಲು ಊದಿರುತ್ತದೆ. ಒಳಗೆ ಕರೆದು ಒಂದು ಕುರ್ಚಿ ಕೊಡು ಪುಟ್ಟಿ.